ಚೀಟಿಯ ನಾಲ್ಕನೇ ಗೆರೆ

ಸ್ಯಾಕ್ ತುಂಬಿ ಬಾಯಿ ಕಟ್ಟಿದ ಮೇಲೆ ಯಮನವ್ವ ಅದನ್ನು ಮೊದಲು ತನ್ನ ಬೆನ್ನಿಗೇ ಏರಿಸಿಕೊಳ್ಳುವಳು. ಎರಡೂ ಪಟ್ಟಿಗಳಲ್ಲಿ ತೋಳು ತೂರಿಸಿ, ಸೆರಗು ಸೊಂಟಕ್ಕೆ ಬಿಗಿದು, ಅಂಗಳದ ಸುತ್ತ ಕಟ್ಟಿದ ಆ ಹಳೆಯ ವಾಡೆಯ ಕಟ್ಟಿಗೆಯ ಮೆಟ್ಟಿಲು ಹತ್ತುವಳು. ಮೆಟ್ಟಿಲು ಇಪ್ಪತ್ತೆರಡು. ಹತ್ತುವಾಗಲೂ ಇಳಿಯುವಾಗಲೂ ಅವಳ ಕಿವಿಯೆಲ್ಲ ಬೆನ್ನ ಹಿಂದೆ. ಒಳಗಿನ ತಾಟು ಮಗ್ಗಿಗೆ ತಾಗಿ ಟಣ್ ಅಂತು ಅಂದರೆ ಮುಗಿಯಿತು, ಕೆಳಗೆ ಬಂದು ಸ್ಯಾಕ್ ಪೂರಾ ಖಾಲಿ ಮಾಡಿ ಮೊದಲಿಂದ ತುಂಬುವಳು. ಸಪ್ಪಳ ಮಾಡುವ ಹೊರೆ ಹೊತ್ತವರನ್ನು ಬೇಗ ದಣಿಸುತ್ತದೆ. ಇದು ಯಾರೂ ಅವಳಿಗೆ ಕಲಿಸಿದ್ದಲ್ಲ, ಅವಳ ಕುತ್ತಿಗೆಗೆ ಗೊತ್ತಿದ್ದದ್ದು.

ನಲವತ್ತೆರಡು ಸ್ಯಾಕ್ ಅಂದರೆ ನಲವತ್ತೆರಡು ಸಲ ಹತ್ತಿ ಇಳಿಯುವುದು. ಮಾಳಿಗೆಯ ಮೇಲೆ ವಾಡೆಯ ಒಡತಿ ಸಾವಿತ್ರಿಬಾಯಿ ಒಬ್ಬಳೇ ಇದ್ದಳು. ತವರು ಅಥಣಿ ಆದ್ದರಿಂದ ಕನ್ನಡ ಮರೆತಿರಲಿಲ್ಲ. ಮೆಟ್ಟಿಲ ಧಡಧಡ ಕೇಳಿ ಕೇಳಿ ಸಾಕಾಗಿ ಕಟಕಟೆಯಿಂದ ಬಗ್ಗಿ ಅನ್ನುತ್ತಿದ್ದಳು.

"ನೀ ಇಲ್ಲೇ ಒಂದು ಗುಡ್ಡ ಹತ್ತಿ ಇಳದಿ, ಯಮುನಾ. ಇನ್ನ ಆ ಹುಡುಗರು ಯಾಕ ಹೋಗಬೇಕು, ಮನಿಗೆ ಕಳಸು."

ಪುಣೆಯಲ್ಲಿ ಅವಳನ್ನು ಎಲ್ಲರೂ ಯಮುನಾಬಾಯಿ ಅಂತಲೇ ಕರೆಯುತ್ತಿದ್ದರು. ಯಮನವ್ವ ಅನ್ನುವುದು ಅವರ ನಾಲಿಗೆಗೆ ಬರುತ್ತಿರಲಿಲ್ಲ, ಬಂದರೂ ಆ ಹೆಸರಿಗೆ ಅಂಜುತ್ತಿದ್ದರು. ಅವಳೂ ಓ ಅನ್ನುತ್ತಿದ್ದಳು.

ಅವಳು ಯಾದಗಿರಿ ಕಡೆಯವಳು. ಗಂಡ ಅಂಬಾರಾಯ ಗೌಂಡಿ. ಮದುವೆಯಾದ ವರ್ಷವೇ ಇಬ್ಬರೂ ಪುಣೆಗೆ ಬಂದು, ಕಟ್ಟಡದಿಂದ ಕಟ್ಟಡಕ್ಕೆ ಅಲೆದು ಬದುಕಿದರು. ಅವನು ಗೋಡೆ ಕಟ್ಟುವುದು, ಇವಳು ಕಲಸಿದ ಗಾರೆಯ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಬೊಂಬಿನ ಏಣಿ ಹತ್ತುವುದು. ಮಕ್ಕಳಾಗಲಿಲ್ಲ. ಎಪ್ಪತ್ಮೂರನೇ ಇಸವಿಯಲ್ಲಿ ಮೂರನೇ ಮಾಳಿಗೆಯ ಬೊಂಬು ಜಾರಿ ಅಂಬಾರಾಯ ಬಿದ್ದ. ಆಸ್ಪತ್ರೆ ಮುಟ್ಟುವ ತನಕ ಜೀವ ಇರಲಿಲ್ಲ. ಮರುವರ್ಷ ಸದಾಶಿವ ಪೇಠೆಯ ಈ ವಾಡೆಯ ಗೋಡೆ ದುರಸ್ತಿಗೆ ಬಂದವಳು ಇಲ್ಲೇ ಉಳಿದಳು. ಕೆಳಗಿನ ಎರಡು ಖೋಲಿಗಳಲ್ಲಿ ಗುಡ್ಡ ಹತ್ತುವವರ ಒಂದು ಮಂಡಳಿಯ ಗೋದಾಮು ಇತ್ತು. ಬೇಸಿಗೆ ರಜೆಯಲ್ಲಿ ಶಾಲೆಯ ಮಕ್ಕಳನ್ನು ಎಂಟು ದಿನ ಕಾಡುಗುಡ್ಡ ನಡೆಸಿಕೊಂಡು ಬರುವ ಮಂಡಳಿ ಅದು. ಊಟದ ತಾಟು, ಹಾಸಿಗೆ, ಹಗ್ಗ ಎಲ್ಲ ಮಕ್ಕಳ ಬೆನ್ನ ಮೇಲೇ ಹೋಗಬೇಕು. ಅದಕ್ಕೆ ದಪ್ಪ ಬಟ್ಟೆಯ ಚೀಲಗಳು, ಅವೇ ಸ್ಯಾಕ್. ಗೋದಾಮಿನ ಕಸ ಗುಡಿಸಲು ಸೇರಿದವಳು ಎರಡನೇ ಬೇಸಿಗೆಯಲ್ಲೇ ಸ್ಯಾಕ್ ತುಂಬುವವಳಾದಳು. ಮೆಟ್ಟಿಲ ಕೆಳಗಿನ ಸಣ್ಣ ಖೋಲಿ ಅವಳ ಮನೆ.

ಏನೇನು ತುಂಬಬೇಕು ಅನ್ನುವುದನ್ನು ಮಂಡಳಿಯ ಮುಖ್ಯಸ್ಥ ಪಂಢರಿನಾಥ ಮರಾಠಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದ. ಯಮನವ್ವನಿಗೆ ಕನ್ನಡವೇ ನಾಲ್ಕಕ್ಷರ ಬಂದರೆ ಹೆಚ್ಚು, ಮರಾಠಿ ಎಲ್ಲಿಂದ ಓದಬೇಕು? ಒಂದು ಸಲ ಓದಿಸಿ ಕೇಳಿಕೊಂಡಳು, ಆಮೇಲೆ ತನ್ನ ಮೈಯನ್ನೇ ಪಟ್ಟಿ ಮಾಡಿಕೊಂಡಳು. ತಲೆಯಿಂದ ಶುರು. ತಲೆಗೆ ಟೊಪ್ಪಿಗೆ, ಕಣ್ಣಿಗೆ ಬ್ಯಾಟರಿ, ಬಾಯಿಗೆ ಸೀಟಿ, ಗಂಟಲಿಗೆ ನೀರಿನ ಬಾಟಲಿ, ಎದೆಗೆ ಸ್ವೆಟರು, ಹೊಟ್ಟೆಗೆ ತಾಟು ಮಗ್ಗು ಉಪ್ಪು ಬೆಲ್ಲ, ಕೈಗೆ ಹಗ್ಗ ಮತ್ತು ಕಡ್ಡಿಪೆಟ್ಟಿಗೆ, ಬೆನ್ನಿಗೆ ಕಂಬಳಿ, ಕಾಲಿಗೆ ಇನ್ನೊಂದು ಜೊತೆ ಕಾಲುಚೀಲ. ಪಾದ ಮುಟ್ಟುವ ಹೊತ್ತಿಗೆ ಪಟ್ಟಿ ಮುಗಿದಿರುತ್ತಿತ್ತು. ಓದಬಲ್ಲವರು ಪಟ್ಟಿ ಹಿಡಿದು ತುಂಬಿದ ಸ್ಯಾಕುಗಳಲ್ಲಿ ಎರಡು ಮೂರು ವಸ್ತು ಬಿಟ್ಟುಹೋಗುತ್ತಿದ್ದವು. ಇವಳು ತುಂಬಿದ್ದರಲ್ಲಿ ಏಳು ವರ್ಷದಲ್ಲಿ ಒಂದೂ ಬಿಡಲಿಲ್ಲ.

ತುಂಬುವುದರಲ್ಲೂ ಅವಳದೇ ರೀತಿ. ಭಾರದ್ದು ಬೆನ್ನುಹುರಿಗೆ ಹತ್ತಿರ, ಭುಜದ ಎತ್ತರಕ್ಕೆ. ಬೆನ್ನಿಗೆ ತಾಗುವ ಕಡೆ ಕಂಬಳಿಯ ಮಡಿಕೆ. ಮೊದಲು ಬೇಕಾಗುವುದು ಎಲ್ಲಕ್ಕೂ ಮೇಲೆ. ಹುಡುಗನ ಕುತ್ತಿಗೆ ಸಣ್ಣದಿದ್ದರೆ ಪಟ್ಟಿಗೆ ಹಳೆ ಬಟ್ಟೆ ಸುತ್ತಿ ಹೊಲಿಗೆ ಹಾಕುವಳು. ಕೊನೆಗೆ ಚೀಟಿ.

ಚೀಟಿ ಅಂದರೆ ದಪ್ಪ ಕಾಗದದ ತುಂಡು. ಸ್ಯಾಕಿನ ಮುಚ್ಚಳದ ಒಳಗಿನ ಸಣ್ಣ ಕಿಸೆಯಲ್ಲಿ ಅದು ಇರಬೇಕು. ಅದರಲ್ಲಿ ನಾಲ್ಕು ಗೆರೆ. ಮೊದಲನೆಯದರ ಮೇಲೆ ಮಗುವಿನ ಹೆಸರು, ಎರಡನೆಯದರ ಮೇಲೆ ಮನೆ, ಮೂರನೆಯದರ ಮೇಲೆ ಯಾವ ಔಷಧ ಆಗಿಬರುವುದಿಲ್ಲ ಅನ್ನುವುದು. ನಾಲ್ಕನೆಯದರ ಮೇಲೆ, ಏನಾದರೂ ಆದರೆ ಯಾರಿಗೆ ತಿಳಿಸಬೇಕು ಅವರ ಹೆಸರು. ಯಮನವ್ವ ಬಂದ ಎರಡನೇ ವರ್ಷ ಒಬ್ಬ ಹುಡುಗ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡ. ಚೀಟಿಯಲ್ಲಿದ್ದ ಹೆಸರಿಗೆ ತಂತಿ ಕಳಿಸಿದರೆ ಆ ಮನೆಯವರೆಲ್ಲ ಕೊಂಕಣಕ್ಕೆ ಹೋಗಿ ಬಾಗಿಲಿಗೆ ಬೀಗ. ತಂತಿ ನಾಲ್ಕು ದಿನ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಹುಡುಗ ನಾಲ್ಕು ದಿನ ಆಸ್ಪತ್ರೆಯಲ್ಲಿ ಅವ್ವನ ಹೆಸರು ಹಿಡಿದು ಅತ್ತ. ಅಂದಿನಿಂದ ಪಂಢರಿನಾಥ ಕಟ್ಟುನಿಟ್ಟು ಮಾಡಿದ. ನಾಲ್ಕನೇ ಗೆರೆಯವರು ಆ ಎಂಟು ದಿನ ಪುಣೆಯಲ್ಲೇ ಇರಬೇಕು. ಇಲ್ಲದಿದ್ದರೆ ಸ್ಯಾಕ್ ಲಾರಿ ಹತ್ತುವುದಿಲ್ಲ.

ನಿಯಮ ಮಾಡಿದ್ದು ಅವನು, ಕೇಳುತ್ತಿದ್ದವಳು ಇವಳು. ಪ್ರತಿ ಮಗುವನ್ನೂ ಎದುರಿಗೆ ಕೂರಿಸಿಕೊಂಡು ನಾಲ್ಕನೇ ಗೆರೆಯ ಮೇಲೆ ಬೆರಳಿಟ್ಟು ಇದು ಯಾರು ಅಂತ ಕೇಳುವಳು. ಬಾಬಾ, ಕಾಕಾ, ಅಜ್ಜಿ, ಏನಾದರೂ ಒಂದು ಉತ್ತರ ಬರುವುದು. ಮನೆಯಲ್ಲಿ ಇರುತ್ತಾರಾ ಅಂತ ಮತ್ತೆ ಕೇಳುವಳು. ಇರುತ್ತಾರೆ ಅಂದ ಮೇಲೆಯೇ ಚೀಟಿಯನ್ನು ಕಿಸೆಯಲ್ಲಿ ಹಾಕಿ ಗುಂಡಿ ಹಾಕುವಳು.

ಎಂಬತ್ತೊಂದನೇ ಇಸವಿಯ ಮೇ ತಿಂಗಳಲ್ಲಿ ಮಂಡಳಿಯವರು ಮೊದಲ ಸಲ ಹುಡುಗಿಯರನ್ನೂ ಕರೆದುಕೊಂಡು ಹೊರಟರು. ವಾಯಿಯಿಂದ ನಡೆದು, ಮಹಾಬಳೇಶ್ವರದ ಕಾಡು ಹಾಯ್ದು, ಪ್ರತಾಪಗಡದ ತನಕ. ಪ್ರಫುಲ್ಲಾ ಅಂತ ಶಾಲೆಯ ಟೀಚರ್ ಒಬ್ಬಳು ಬರುವವಳಿದ್ದಳು. ಅವಳಿಗೆ ಕೈಜೋಡಿಸಲು ಇನ್ನೊಬ್ಬ ಹೆಣ್ಣುಮಗಳು ಇದ್ದರೆ ಚೆನ್ನ ಅಂತ ಮಾತಾಯಿತು. ಸೋಮವಾರ ಗೋದಾಮಿಗೆ ಬಂದ ಪಂಢರಿನಾಥ, ಯಮುನಾಬಾಯಿ ನೀವೇ ಬರ್ರಿ ಅಂದುಬಿಟ್ಟ.

ಯಮನವ್ವ ಆಗ ಹಗ್ಗ ಸುತ್ತುತ್ತಿದ್ದಳು. ಹಗ್ಗ ಸುತ್ತಿ ಮುಗಿಸಿ, ಗಂಟು ಹಾಕಿ, ಗೂಟಕ್ಕೆ ತೂಗುಹಾಕಿ, ಆಮೇಲೆ ಎಷ್ಟು ದಿನ ಅಂತ ಕೇಳಿದಳು. ಎಂಟು ದಿನ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗುಡ್ಡವನ್ನು ಅವಳು ಏಳು ವರ್ಷದಿಂದ ಬಲ್ಲಳು, ಆದರೆ ಮರಳಿ ಬಂದ ಸ್ಯಾಕುಗಳಿಂದ ಮಾತ್ರ. ತಳಕ್ಕೆ ಮೆತ್ತಿದ ಕೆಂಪು ಮಣ್ಣು, ಪಟ್ಟಿಗೆ ಅಂಟಿದ ಮುಳ್ಳುಬೀಜ, ಕಂಬಳಿಯಲ್ಲಿ ಹೊಗೆಯ ವಾಸನೆ. ಒಂದು ವರ್ಷ ಒಂದು ಕಿಸೆಯಲ್ಲಿ ನೇರಳೆಯ ಬೀಜ ಸಿಕ್ಕಿತ್ತು, ಇನ್ನೊಂದು ವರ್ಷ ಹಕ್ಕಿಯ ನೀಲಿ ಪುಕ್ಕ. ಎಲ್ಲ ಝಾಡಿಸಿ ಅಂಗಳಕ್ಕೆ ಚೆಲ್ಲುವಾಗ, ಇದು ಎಲ್ಲಿಂದ ಬಂತೋ ಆ ಜಾಗ ಒಮ್ಮೆ ನೋಡಬೇಕು ಅನ್ನಿಸುತ್ತಿತ್ತು. ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಲು ಮುಂದೆ ಯಾರೂ ಕೂತಿರಲೂ ಇಲ್ಲ.

ಮಂಗಳವಾರ ತನ್ನ ಸ್ಯಾಕ್ ತುಂಬಿದಳು. ಬೇರೆಯವರ ನೂರಾರು ಸ್ಯಾಕ್ ತುಂಬಿದ ಕೈ, ಅರ್ಧ ತಾಸು ಸಾಕಾಗಿತ್ತು. ತುಂಬಿ, ಬೆನ್ನಿಗೆ ಹಾಕಿ, ಮೆಟ್ಟಿಲು ಹತ್ತಿ ಇಳಿದಳು. ಸಪ್ಪಳ ಇಲ್ಲ. ಪಂಢರಿನಾಥ ಕೊಂಡಿಯ ತಕ್ಕಡಿಗೆ ತೂಗುಹಾಕಿದ. ದೊಡ್ಡವರಿಗೆ ಎಂಟು ಕಿಲೋ ಅಂತ ಮಿತಿ, ಮುಳ್ಳು ಹನ್ನೊಂದೂವರೆಗೆ ನಿಂತಿತು. ಯಮುನಾಬಾಯಿ ತೂಕ ತಪ್ಪಿದಳು ಅಂತ ಅವನಿಗೆ ನಂಬಿಕೆ ಬರಲಿಲ್ಲ. ಬಿಚ್ಚಿ ನೋಡಿದ. ಟೊಪ್ಪಿಗೆಯಿಂದ ಕಾಲುಚೀಲದ ತನಕ ಎಲ್ಲ ಇತ್ತು. ಅದರ ಜೊತೆಗೆ ರೊಟ್ಟಿಯ ಹಂಚು ಇತ್ತು, ಹಿತ್ತಾಳೆ ಚರಿಗೆ ಇತ್ತು, ನಾಲ್ಕೂ ಸೀರೆ ಇದ್ದವು, ದೇವರ ಸಣ್ಣ ಪಟ ಇತ್ತು. ಬೆನ್ನಿಗೆ ತಾಗುವ ಕಡೆ, ಕಂಬಳಿಯ ಒಳಗೆ, ಅಂಬಾರಾಯ ಗಾರೆ ಬಳಿಯುತ್ತಿದ್ದ ಕರಣಿ ಅಡ್ಡಾಗಿ ಮಲಗಿತ್ತು.

ಪಂಢರಿನಾಥನಿಗೆ ನಗು ತಡೆಯಲಾಗಲಿಲ್ಲ. ಬಾಯಿ, ಮನೆ ಬದಲಿಸಿ ಯಾವ ಊರಿಗೆ ಹೊರಟಿರಿ ಅಂದ. ಎಂಟು ದಿನಕ್ಕೆ ಹಂಚು ಯಾಕೆ, ಇದೆಲ್ಲ ಮನೆಯಲ್ಲಿ ಬಿಟ್ಟು ಬರ್ರಿ ಅಂದ.

ಯಮನವ್ವ ನಗಲಿಲ್ಲ. ಅವಳಿಗೆ ಅದು ತಲೆಗೇ ಬಂದಿರಲಿಲ್ಲ. ಕಟ್ಟಡದ ಕೆಲಸದವರು ಗಂಟು ಕಟ್ಟಿದರು ಅಂದರೆ ಆ ಜಾಗ ಮುಗಿಯಿತು ಅಂತ ಅರ್ಥ. ಕಟ್ಟಡ ಏಳುವ ತನಕ ಅಲ್ಲೇ ತಗಡಿನ ಮರೆ, ಎದ್ದ ಮರುದಿನ ಗಂಟು. ಒಲೆಯ ಮೂರು ಕಲ್ಲು ಬಿಟ್ಟು ಬೇರೆ ಏನೂ ಹಿಂದೆ ಉಳಿಸುತ್ತಿರಲಿಲ್ಲ. ಉಳಿಸಿದರೆ ಅದು ಹೋದಂತೆಯೇ. ಹೋಗಿ ಮತ್ತೆ ಅದೇ ಬಾಗಿಲಿಗೆ ಬರುವಂತೆ ಗಂಟು ಕಟ್ಟುವುದು ಅವಳು ಐವತ್ತೆರಡು ವರ್ಷದಲ್ಲಿ ಮಾಡಿದ ಕೆಲಸವೇ ಅಲ್ಲ. ಬೇರೆಯವರ ಮಕ್ಕಳಿಗೆ ತುಂಬುವಾಗ ಅವರ ಮನೆ ಹಿಂದೆ ಉಳಿದಿರುತ್ತದೆ ಅಂತ ಅವಳು ಯೋಚಿಸಿರಲೂ ಇಲ್ಲ.

ಒಂದೊಂದೇ ತೆಗೆದಳು. ಹಂಚು ತೆಗೆದಳು, ಚರಿಗೆ ತೆಗೆದಳು, ಎರಡು ಸೀರೆ ತೆಗೆದಳು. ಕರಣಿ ತೆಗೆಯುವಾಗ ಅದನ್ನು ತುಸು ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ಗೋದಾಮಿನ ಹಲಗೆಯ ಮೇಲೆ, ಬ್ಯಾಟರಿಗಳ ಸಾಲಿನ ಹಿಂದೆ ಇಟ್ಟಳು. ಮುಳ್ಳು ಎಂಟಕ್ಕೆ ಬಂತು.

ಆಮೇಲೆ ಪಂಢರಿನಾಥ ಪೆನ್ನು ತೆಗೆದು ಅವಳ ಚೀಟಿ ಬರೆಯಲು ಕೂತ. ಮೊದಲ ಗೆರೆಗೆ ಯಮುನಾಬಾಯಿ ಅಂತ ಹಾಕಹೊರಟ. ಅಲ್ಲ, ಯಮನವ್ವ ಅಂತ ಬರೀರಿ ಅಂದಳು. ಎರಡು ಸಲ ಹೇಳಿಸಿಕೊಂಡು ಬರೆದ. ಎರಡನೇ ಗೆರೆಗೆ ಈ ವಾಡೆ. ಮೂರನೆಯದಕ್ಕೆ ಏನೂ ಇಲ್ಲ ಅಂತ ಅಡ್ಡಗೀಟು. ನಾಲ್ಕನೇ ಗೆರೆಗೆ ಬಂದು ಪೆನ್ನು ಎತ್ತಿ ಅವಳ ಮುಖ ನೋಡಿದ.

ಇಷ್ಟು ವರ್ಷ ಬೇರೆಯವರಿಗೆ ಕೇಳಿದ ಪ್ರಶ್ನೆ ಅದು. ಯಮನವ್ವ ತಾನೂ ಆ ಗೆರೆಯ ಮೇಲೆ ಬೆರಳಿಟ್ಟು, ತೆಗೆದಳು. ನಾಳೆ ಹೇಳತೀನ್ರಿ ಅಂದಳು. ಲಾರಿ ಹೊರಡುವುದು ಶನಿವಾರ ಬೆಳಿಗ್ಗೆ.

ಬುಧವಾರ ಬಸ್ಸು ಹಿಡಿದು ಪುಣೆಯ ಅಂಚಿನ ನಿಗಡಿಗೆ ಹೋದಳು. ಅಲ್ಲಿ ಅವಳ ಮೈದುನ ಭೀಮಣ್ಣ ಇದ್ದ. ಅಂಬಾರಾಯ ಹೋದ ಮೇಲೆ ಊರಿಗೆ ಬಂದು ನಮ್ಮ ಹಿರಿಯರ ಕೂಡ ಇರು ಅಂತ ಅವನು ಹೇಳಿದ್ದ, ಇವಳು ಒಲ್ಲೆ ಅಂದಿದ್ದಳು. ಜಗಳ ಅಂತ ಆಗಲಿಲ್ಲ. ಬರುವುದು ಹೋಗುವುದು ಕಡಿಮೆಯಾಯಿತು, ಅಷ್ಟೇ. ದಾರಿಯುದ್ದಕ್ಕೂ ಹೇಗೆ ಮಾತು ತೆಗೆಯಬೇಕು ಅಂತ ನೆನೆಸಿಕೊಂಡು ಹೋದಳು. ಒಂದು ಹೆಸರು ಬೇಕಾಗ್ಯದ ಅನ್ನಬೇಕು, ಬ್ಯಾರೆ ಏನೂ ಬ್ಯಾಡ ಅನ್ನಬೇಕು. ಸೀರೆಯ ಸೆರಗಿನಲ್ಲಿ ಮಕ್ಕಳಿಗೆ ಅಂತ ಬೆಲ್ಲದ ಚಿಕ್ಕಿ ಕಟ್ಟಿಕೊಂಡಿದ್ದಳು. ಆ ಓಣಿ ಸಿಕ್ಕಿತು, ಆ ಬಾಗಿಲೂ ಸಿಕ್ಕಿತು. ಬಾಗಿಲು ತೆಗೆದವಳು ಬೇರೆ ಯಾರೋ ಮರಾಠಿ ಹೆಂಗಸು. ಅವರು ಬಾರಾಮತಿಗೆ ಹೋದರು, ಸಕ್ಕರೆ ಕಾರ್ಖಾನೆಯ ಕಟ್ಟಡಕ್ಕೆ ಅಂದಳು. ಯಾವಾಗ ಅಂದರೆ ಮೂರು ವರ್ಷವಾಯಿತು ಅಂದಳು. ನೀವು ಅವರಿಗೆ ಏನಾಗಬೇಕು ಅಂತ ಅವಳು ಕೇಳಿದಳು. ಯಮನವ್ವ ಪರಿಚಯದವಳು ಅಂದಳು. ಆ ಹೆಂಗಸು ಕುಡಿಯಲು ನೀರು ಕೊಟ್ಟಳು, ಯಮನವ್ವ ಕುಡಿದು, ಚಿಕ್ಕಿಯನ್ನು ಅವಳ ಮಗುವಿಗೆ ಕೊಟ್ಟು ಬಂದಳು.

ಗುರುವಾರ ಬೆಳಿಗ್ಗೆ ಮಾಳಿಗೆ ಹತ್ತಿ ಸಾವಿತ್ರಿಬಾಯಿಯನ್ನು ಕೇಳಿದಳು. ಬೆನ್ನ ಮೇಲೆ ಏನೂ ಇಲ್ಲದೆ ಆ ಮೆಟ್ಟಿಲು ಹತ್ತಿದ್ದು ಅಪರೂಪ. ಸಾವಿತ್ರಿಬಾಯಿ ಚಹಾ ಕೊಟ್ಟಳು, ಎಲ್ಲ ಕೇಳಿಸಿಕೊಂಡಳು, ಆಮೇಲೆ ಕೈ ಮುಗಿದಳು.

"ತಂತಿ ಬರೂ ಕಾಗದದ ಮ್ಯಾಲ ನನ್ನ ಹೆಸರು ಹಾಕಬ್ಯಾಡ, ನಮ್ಮವ್ವಾ. ಮೂರು ತಂತಿ ಬಂದಾವ ಈ ಮನಿಗೆ. ಮೂರಕ್ಕೂ ನಾನ ಸಹಿ ಮಾಡೀನಿ."

ಯಮನವ್ವ ಬಟ್ಟಲು ತೊಳೆದಿಟ್ಟು ಇಳಿದು ಬಂದಳು.

ಸಂಜೆ ಪಂಢರಿನಾಥನಿಗೆ, ನನಗ ಯಾರೂ ಸಿಗಲಿಲ್ಲ, ಬ್ಯಾರೆಯವರನ್ನ ನೋಡ್ರಿ ಅಂದಳು. ಅವನಿಗೆ ಕೆಡುಕೆನಿಸಿತು. ಅಷ್ಟು ಸಣ್ಣ ಕಾರಣಕ್ಕೆ ಬಿಡುತ್ತಾರಾ ಅಂದ. ತನ್ನ ಹೆಸರು ಹಾಕಲು ಹೋದ, ಅವನೂ ಗುಡ್ಡದ ಮೇಲೇ ಇರುತ್ತಾನೆ, ಅದು ನಡೆಯುವುದಿಲ್ಲ ಅಂತ ಅವಳೇ ತಡೆದಳು. ಕೊನೆಗೆ ಅವನು ನಾಲ್ಕನೇ ಗೆರೆಯಲ್ಲಿ ಮಂಡಳಿಯದೇ ವಿಳಾಸ ಬರೆದ. ಅಂದರೆ ಇದೇ ಗೋದಾಮು. ಇದರ ಕೀಲಿ ಇರುವುದು ಇವಳ ಹತ್ತಿರ. ಇವಳಿಗೆ ಏನಾದರೂ ಆದರೆ ಸುದ್ದಿ ಬಂದು ಇವಳದೇ ಬೀಗದ ಕೆಳಗೆ ಬೀಳುತ್ತದೆ. ಅದು ಇಬ್ಬರಿಗೂ ತಿಳಿದೇ ಇತ್ತು. ಯಮನವ್ವ ಚೀಟಿಯನ್ನು ತನ್ನ ಸ್ಯಾಕಿನ ಕಿಸೆಯಲ್ಲಿ ಹಾಕಿ ಗುಂಡಿ ಹಾಕಿದಳು. ಅಂತೂ ಹೊರಡುವುದು ಆಯಿತು. ಅಂದು ರೊಟ್ಟಿ ಬಡಿಯುವಾಗ ಅವಳಿಗೇ ತಿಳಿಯದಂತೆ ಎರಡು ಹೆಚ್ಚು ಬಡಿದಿದ್ದಳು.

ಆ ಸಲ ಹೊರಟ ಹುಡುಗಿಯರಲ್ಲಿ ಕನ್ನಡದವಳು ಒಬ್ಬಳೇ, ಹದಿಮೂರು ವರ್ಷದ ಅಕ್ಕು. ಪೇಠೆಯ ಮೂಲೆಯಲ್ಲಿ ಕರಾವಳಿಯವರದೊಂದು ಹೋಟೆಲು ಇತ್ತು. ಅಲ್ಲಿ ದೋಸೆ ಹುಯ್ಯುವ ಸಂಕಪ್ಪನ ಮಗಳು. ಹೆಂಡತಿ ಮತ್ತು ಸಣ್ಣ ಮಕ್ಕಳು ಊರಲ್ಲಿ. ಓದಲಿ ಅಂತ ಇವಳೊಬ್ಬಳನ್ನು ತಂದಿಟ್ಟುಕೊಂಡಿದ್ದ. ಅಪ್ಪ ಮಗಳು ಹೋಟೆಲಿನ ಅಟ್ಟದ ಮೇಲೆ ಇರುತ್ತಿದ್ದರು. ಗುಡ್ಡಕ್ಕೆ ಹೋಗುವವರ ಪಟ್ಟಿಯಲ್ಲಿ ಹೆಸರು ಬಂದ ದಿನದಿಂದ ಅಕ್ಕು ಐದು ಕಿಲೋ ಅಕ್ಕಿಯ ಚೀಲ ಬೆನ್ನಿಗೆ ಕಟ್ಟಿಕೊಂಡು ಅಟ್ಟದ ಏಣಿ ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದಳು. ಆ ಅಕ್ಕಿ ದೋಸೆಗೆ ನೆನೆಹಾಕುವುದು ಮಾರಾಯ್ತಿ, ಗುಡ್ಡಕ್ಕಲ್ಲ ಅಂತ ಸಂಕಪ್ಪ ಬೈದರೂ ಬಿಟ್ಟಿರಲಿಲ್ಲ. ಬುಧವಾರಕ್ಕೆ ಮೊದಲೇ ಯಮನವ್ವ ಅವಳ ಚೀಟಿ ನೋಡಿ, ನಾಲ್ಕನೇ ಗೆರೆಯ ಮೇಲೆ ಬೆರಳಿಟ್ಟು ಕೇಳಿದ್ದಳು. ಅಪ್ಪ ಅಂದಳು ಹುಡುಗಿ. ಇರತಾರೇನು ಅಂದರೆ ನಕ್ಕುಬಿಟ್ಟಿದ್ದಳು. "ಅವರು ಎಲ್ಲಿಗೆ ಹೋಗ್ತಾರೆ ಅಜ್ಜಿ? ದೋಸೆ ಹುಯ್ಯುವುದು ಯಾರು ಮತ್ತೆ?"

ಶುಕ್ರವಾರ ಮಧ್ಯಾಹ್ನ ತನ್ನದನ್ನು ಬಿಟ್ಟು ನಲವತ್ತೊಂದು ಸ್ಯಾಕ್ ಬಾಯಿ ಕಟ್ಟಿ ಗೋಡೆಗೆ ಒರಗಿದ್ದವು. ಅಕ್ಕುವಿನದು ಒಂದು ಉಳಿದಿತ್ತು, ಅವಳು ಕಂಬಳಿ ತಂದಿರಲಿಲ್ಲ. ಕೇಳಿ ತರೋಣ ಅಂತ ಯಮನವ್ವ ಹೋಟೆಲಿಗೆ ಹೋದಳು. ಹೋಟೆಲಿನ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗೆ ಇಟ್ಟಿದ್ದರು, ನೆಲದ ಹಾಸುಗಲ್ಲು ಅರ್ಧ ಕಿತ್ತು ಬಿದ್ದಿತ್ತು. ರಜೆಯಲ್ಲಿ ಗಿರಾಕಿ ಕಡಿಮೆ, ಈಗಲೇ ಹೊಸ ಫರಸಿ ಹಾಕಿಸೋಣ ಅಂತ ಧಣಿ ಹಿಂದಿನ ದಿನವಷ್ಟೇ ಮನಸ್ಸು ಮಾಡಿದ್ದನಂತೆ. ಹತ್ತು ದಿನ ಬಂದ್. ಕೆಲಸದವರೆಲ್ಲ ಊರಿಗೆ, ಧಣಿಯೂ ಊರಿಗೆ. ಸಂಕಪ್ಪ ತನ್ನ ಟ್ರಂಕಿಗೆ ಹಗ್ಗ ಸುತ್ತುತ್ತಿದ್ದ. ಸಂಜೆ ಐದರ ಬಸ್ಸು.

"ಎಂತ ಯಮನಕ್ಕ, ಈ ಬಿಸಿಲಲ್ಲಿ? ಹದಿನಾಲ್ಕು ತಿಂಗಳಾಯ್ತು ನೋಡಿ ನಾನು ಊರು ಕಾಣದೆ. ಸಣ್ಣದಕ್ಕೆ ನನ್ನ ಮುಖ ಗುರುತು ಸಿಗ್ತದೋ ಇಲ್ವೋ."

"ಅಕ್ಕೂನ ಚೀಟಿ ಮ್ಯಾಲ ನಿಮ್ಮ ಹೆಸರದ, ಸಂಕಪ್ಪಣ್ಣ."

"ಇರಲಿ. ಅಪ್ಪ ಅಲ್ವಾ ನಾನು?"

"ನೀವು ಪುಣೆದಾಗ ಇರಂಗಿಲ್ಲಲ್ಲ."

ಸಂಕಪ್ಪ ಗಂಟು ಬಿಗಿಯುತ್ತಲೇ ನಕ್ಕ. "ನಲವತ್ತು ಜನರ ಒಟ್ಟಿಗೆ ಇರ್ತಾಳೆ, ನೀವೂ ಇರ್ತೀರಿ. ಅದೊಂದು ಕಾಗದ. ಯಾರು ನೋಡ್ತಾರೆ ಮಾರಾಯ್ರೆ ಅದನ್ನು?"

"ನಾ ನೋಡತೀನ್ರಿ" ಅಂದಳು ಯಮನವ್ವ.

ಅವಳ ದನಿಗೆ ಸಂಕಪ್ಪ ಹಗ್ಗ ಬಿಟ್ಟು ಎದ್ದು ನಿಂತ. ಯಮನವ್ವ ಕಾಲು ಮುರಿದ ಹುಡುಗನ ಕತೆ ಹೇಳಿದಳು. ನಾಲ್ಕು ದಿನ ಬಾಗಿಲ ಸಂದಿಯಲ್ಲಿ ಬಿದ್ದಿದ್ದ ತಂತಿಯ ಮಾತು ಹೇಳಿದಳು. ಊರಿನ ವಿಳಾಸ ಬರೆದರಾಗದೇ ಅಂತ ಅವನು ಕೇಳಿದ. ತಂತಿ ಮುಟ್ಟಿ ನೀವು ಹಿಂದಿರುಗಲು ಮೂರು ದಿನ ಬೇಕು ಅಂದಳು. ಹಾಗಾದರೆ ಬೇಡ, ಅವಳನ್ನೂ ಊರಿಗೆ ಕರೆದುಕೊಂಡು ಹೋಗ್ತೇನೆ, ಗುಡ್ಡ ಮುಂದಿನ ವರ್ಷ ನೋಡಿದರಾಯ್ತು ಅಂದ. ಅಟ್ಟದ ಏಣಿಯ ಮೇಲೆ ಕಂಬಳಿ ಹಿಡಿದು ಇಳಿಯುತ್ತಿದ್ದ ಅಕ್ಕು ಅರ್ಧಕ್ಕೇ ನಿಂತಳು. ಬೆನ್ನಿನ ಮೇಲೆ ಅಕ್ಕಿಚೀಲ ಇದ್ದಾಗ ಹೇಗೆ ನಿಲ್ಲಬೇಕು ಅಂತ ಕಲಿತಿದ್ದಳೋ ಹಾಗೆಯೇ, ಸ್ವಲ್ಪ ಮುಂದಕ್ಕೆ ಬಾಗಿ ನಿಂತಿದ್ದಳು.

ಯಮನವ್ವ ಕಂಬಳಿ ತೆಗೆದುಕೊಂಡಳು. ಒಂದು ತಾಸು ತಡೀರಿ ಅಂತ ಸಂಕಪ್ಪನಿಗೆ ಹೇಳಿ ಗೋದಾಮಿಗೆ ಬಂದಳು.

ಪಂಢರಿನಾಥ ಎಲ್ಲ ಕೇಳಿ, ಇದೇನು ದೊಡ್ಡ ಮಾತು, ನಿಮ್ಮದಕ್ಕೆ ಹಾಕಿದಂತೆ ಇವಳದಕ್ಕೂ ಮಂಡಳಿಯ ವಿಳಾಸ ಹಾಕೋಣ ಅಂದ. ಪೆನ್ನನ್ನೂ ತೆಗೆದ.

"ನನಗ ನಡೀತದರಿ" ಅಂದಳು ಯಮನವ್ವ. "ಹುಡುಗಿಗೆ ನಡ್ಯಂಗಿಲ್ಲ. ಬಾಗಲಾ ತೆರದು ಯಾರರೆ ಕುಂತಿರಬೇಕು."

ಪಂಢರಿನಾಥ ಪೆನ್ನು ಹಿಡಿದೇ ಇದ್ದ. ಗೋಡೆಗೆ ಒರಗಿದ ಸ್ಯಾಕುಗಳ ಸಾಲಿನ ಕೊನೆಗೆ ಯಮನವ್ವನದು ನಿಂತಿತ್ತು. ಅವನು ಅದನ್ನು ನೋಡಿದ, ಅವಳು ನೋಡಲಿಲ್ಲ. ಪ್ರಫುಲ್ಲಾಬಾಯಿ ಒಬ್ಬಳೇ ಆಗುತ್ತಾಳಲ್ಲ ಅಂತ ಮೆಲ್ಲಗೆ ಅಂದ. ಹುಡುಗಿಯರು ಹೊತ್ತುಕೊಂಡು ಹೋಗುತ್ತಾರೆ, ನಾ ಹಂಗ ತುಂಬೀನಿ ಅಂದಳು. ಅವನು ಹೊಸ ಚೀಟಿ ತೆಗೆದು ಅಕ್ಕುವಿನ ಹೆಸರು ಬರೆದ, ಮನೆ ಬರೆದ. ನಾಲ್ಕನೇ ಗೆರೆಯಲ್ಲಿ ಅವಳು ಹೇಳದೆಯೇ ಯಮನವ್ವ ಅಂತ ಬರೆದ, ಮುಂದೆ ವಾಡೆಯ ವಿಳಾಸ. ಮುಂದಿನ ವರ್ಷ ನೀವು ಖಂಡಿತ ಅಂದ. ಹೂಂ ಅಂದಳು.

ಚೀಟಿ ಒಯ್ದು ಸಂಕಪ್ಪನಿಗೆ ತೋರಿಸಿದಳು. ಅವನು ಓದಲು ಬಂದಂತೆ ಮಾಡಿ, ಅಕ್ಕುವಿನ ಕೈಗೆ ಕೊಟ್ಟ. ಹುಡುಗಿ ನಾಲ್ಕನೇ ಗೆರೆ ಓದಿ, ನೀವು ಬರುವವರಲ್ವಾ ಅಜ್ಜಿ ಅಂತ ಕೇಳಿದಳು. ಯಮನವ್ವ ಅವಳ ಬೆನ್ನಿಗೆ ಪಟ್ಟಿಯ ಅಳತೆ ಹಿಡಿಯುತ್ತ, ಸೆಟದು ನಿಂದರು ಅಂದಳು, ಅಷ್ಟೇ.

ಶನಿವಾರ ಬೆಳಿಗ್ಗೆ ಲಾರಿ ಬಂತು. ಒಂದೊಂದೇ ಸ್ಯಾಕ್ ಎತ್ತಿ ಕೊಟ್ಟಳು. ನಲವತ್ತೆರಡು. ಮಕ್ಕಳ ಗದ್ದಲ ಓಣಿಯ ತಿರುವು ದಾಟುವ ತನಕ ಕೇಳಿತು. ತನ್ನ ಸ್ಯಾಕನ್ನು ಮೆಟ್ಟಿಲ ಕೆಳಗಿನ ಖೋಲಿಗೆ ಒಯ್ದು ಬಾಗಿಲ ಹಿಂದೆ ಇಟ್ಟಳು. ಬಿಚ್ಚಲಿಲ್ಲ. ಹಂಚು ಹೊರಗೇ ಇತ್ತು, ಅಡಿಗೆಗೆ ತೊಂದರೆ ಇರಲಿಲ್ಲ.

ಎಂಟು ದಿನ ಅವಳು ವಾಡೆಯ ಹೊಸ್ತಿಲು ದಾಟಲಿಲ್ಲ. ಕಾಯಿಪಲ್ಯ ತರಲೂ ಹೋಗಲಿಲ್ಲ, ಇದ್ದ ಬೇಳೆಯಲ್ಲಿ ಕಳೆದಳು. ಅಂಗಳದ ನಳಕ್ಕೆ ಹೋದರೂ ಬಾಗಿಲು ಕಾಣುವಂತೆ ನಿಲ್ಲುವಳು. ಮಕ್ಕಳು ಹೋದ ಗೋದಾಮು ಪ್ರತಿ ವರ್ಷವೂ ಖಾಲಿಯೇ, ಆದರೆ ಮುಂಚೆ ಆ ಎಂಟು ದಿನ ಅವಳು ಯಾವುದಕ್ಕೂ ಕಾದವಳಲ್ಲ. ಈಗ ಒಂದು ತಂತಿ ಬರಬಾರದು ಅಂತ ಕಾಯಬೇಕಾಗಿತ್ತು. ಯಾವ ಹೊತ್ತಿಗೆ ಅವರು ಎಲ್ಲಿ ಇರಬಹುದು ಅಂತ ಕೂತಲ್ಲೇ ಲೆಕ್ಕ ಹಾಕುವಳು. ಈಗ ಬಿಸಿಲು ಏರಿತು, ಟೊಪ್ಪಿಗೆ ತೆಗೆದಿರುತ್ತಾರೆ, ಅದು ಮೇಲೇ ಇದೆ. ಈಗ ಉಣ್ಣಲು ಕೂತರು, ತಾಟು ಎಡಕ್ಕೆ ಸಿಗುತ್ತದೆ. ಈಗ ತಂಪಾಯಿತು. ಸಾವಿತ್ರಿಬಾಯಿ ಎರಡು ಸಲ ಮೇಲಿಂದ ಬಗ್ಗಿ, ಯಾಕ ಹೋಗಲಿಲ್ಲ ಅಂತ ಕೇಳಿದಳು. ಎರಡನೇ ಸಲ ಯಮನವ್ವ ಕಾರಣ ಹೇಳಿದಳು. ಅದಾದ ಮೇಲೆ ಆ ಮುದುಕಿ ಒಂದು ಬಟ್ಟಲು ಪಲ್ಯವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು.

ಐದನೇ ದಿನ ಮಧ್ಯಾಹ್ನ ಖಾಕಿ ಬಟ್ಟೆಯವನೊಬ್ಬ ಸೈಕಲ್ಲಿನಿಂದ ಇಳಿದು ವಾಡೆಯ ಬಾಗಿಲಿಗೆ ಬಂದ. ಕೈಯಲ್ಲಿ ತಂತಿಯ ಲಕೋಟೆ. ಯಮನವ್ವ ಎದ್ದು ನಿಂತು ಕೈ ಚಾಚಿದಳು. ಅವನು ಮರಾಠಿಯಲ್ಲಿ ಏನೋ ಹೆಸರು ಕೂಗಿದ. ಅವಳಿಗೆ ಕೇಳಿಸಲಿಲ್ಲ. ನಿಮ್ಮ ಹೆಸರೇನು ಬಾಯಿ ಅಂತ ಕೇಳಿದ. ಯಮನವ್ವ ಅಂದಳು. ಅವನು ಲಕೋಟೆ ನೋಡಿ ತಲೆಯಾಡಿಸಿದ. ಇಲ್ಲ, ನಿಮ್ಮ ಹೆಸರಿಗೆ ಏನೂ ಇಲ್ಲ ಅಂದ. ಪಕ್ಕದ ವಾಡೆಯವರ ತಂತಿ ಅದು. ಯಮನವ್ವ ಮೆಟ್ಟಿಲ ಮೇಲೆ ಕೂತು ಮುಖಕ್ಕೆ ಸೆರಗು ಹಾಕಿಕೊಂಡು ದೇವರಿಗೆ ಶರಣು ಅಂದಳು. ಆದರೂ, ನಿಮ್ಮ ಹೆಸರಿಗೆ ಏನೂ ಇಲ್ಲ ಅಂದ ಆ ಮಾತು ಸಂಜೆ ತನಕ ಕಿವಿಯಲ್ಲಿ ಇತ್ತು.

ಒಂಬತ್ತನೇ ದಿನ ಲಾರಿ ಮರಳಿತು. ಬಿಸಿಲಿಗೆ ಕರ್ರಗಾದ ಮಕ್ಕಳು ಸ್ಯಾಕ್ ಎಸೆದು ತಂತಮ್ಮವರ ಕಡೆ ಓಡಿದರು. ಅಕ್ಕುವಿಗೆ ಓಡಲು ಯಾರೂ ಬಂದಿರಲಿಲ್ಲ, ಸಂಕಪ್ಪ ಬರಲು ಇನ್ನೂ ಎರಡು ದಿನ. ಆ ಎರಡು ದಿನ ಯಮನವ್ವನ ಖೋಲಿಯಲ್ಲೇ ಅಂತ ಮೊದಲೇ ಮಾತಾಗಿತ್ತು. ಹುಡುಗಿ ಸ್ಯಾಕನ್ನು ಎಸೆಯದೆ ಮೆಟ್ಟಿಲ ಮೇಲೆ ಇಳಿಸಿ, ಸಪ್ಪಳ ಮಾಡಲೇ ಇಲ್ಲ ಅಜ್ಜಿ ಅಂದಳು. ಎರಡನೇ ದಿನ ಸಂಜೆ ಪ್ರಫುಲ್ಲಾ ಟೀಚರ್ ಎಲ್ಲರ ಚೀಟಿ ತೆಗೆದು ಗಟ್ಟಿಯಾಗಿ ಓದಿದರಂತೆ. ಎಲ್ಲರದಕ್ಕೂ ಅಪ್ಪ, ಅಮ್ಮ, ಮಾವ. ಇವಳದಕ್ಕೆ ಬಂದಾಗ ಅವರಿಗೆ ಹೆಸರು ಓದಲು ಬರಲಿಲ್ಲ, ಹುಡುಗಿಯರು ನಕ್ಕರು, ಯಾರಿದು ಅಂತ ಕೇಳಿದರು.

"ನೀ ಏನಂದಿ?" ಅಂತ ಯಮನವ್ವ ಕೇಳಿದಳು. ಅವಳ ಕೈ ಸ್ಯಾಕಿನ ಗುಂಡಿ ಬಿಚ್ಚುತ್ತಿತ್ತು.

"ನಿಮ್ಮ ಸ್ಯಾಕನ್ನು ನಿಮಗಿಂತ ಮೊದಲು ಹೊತ್ತವರು ಅಂದೆ. ಮತ್ತೆ ಯಾರೂ ನಗಲಿಲ್ಲ."

ಅಕ್ಕುವಿನ ಸ್ಯಾಕಿನ ಕೊನೆಯ ಕಿಸೆಯಲ್ಲಿ ಒಂದು ಕಲ್ಲು ಇತ್ತು, ಅಂಗೈಯಷ್ಟು, ಕೆಂಪು. ಗುಡ್ಡದ ಮೇಲಿನದು, ನಿಮಗೆ ಅಂತ ತಂದೆ ಅಂದಳು. ಯಮನವ್ವ ಅದನ್ನು ಕೈಯಲ್ಲಿ ತೂಗಿ ನೋಡಿದಳು. ಒಂದು ಪಾವು ಕಿಲೋ ಜಾಸ್ತಿ ಹೊತ್ತೀ ಹಂಗಾದ್ರ ಅಂದಳು.

ಎರಡು ದಿನದ ಮೇಲೆ ಸಂಕಪ್ಪ ಬಂದು ಮಗಳನ್ನು ಕರೆದುಕೊಂಡು ಹೋದ. ಅದಾದ ಮರುದಿನ ಯಮನವ್ವ ತನ್ನ ಸ್ಯಾಕ್ ಬಿಚ್ಚಿದಳು. ಪ್ರತಿ ವರ್ಷದಂತೆ ಹಳೆಯ ಚೀಟಿಗಳನ್ನೆಲ್ಲ ಸ್ನಾನದ ನೀರು ಕಾಯಿಸುವ ಬಂಬಿನ ಬೆಂಕಿಗೆ ಹಾಕಿದಳು, ನಲವತ್ತೆರಡೂ. ತನ್ನದೊಂದನ್ನು ಹಾಕಲಿಲ್ಲ. ಗೋದಾಮಿನ ಹಲಗೆಯ ಮೇಲೆ ಕರಣಿಯ ಕೆಳಗೆ ಇಟ್ಟಳು, ಗಾಳಿಗೆ ಹಾರದಂತೆ ಮೇಲೆ ಆ ಕೆಂಪು ಕಲ್ಲು.

ಮುಂದಿನ ವರ್ಷ ಪಂಢರಿನಾಥ ಮಾತು ಮರೆಯಲಿಲ್ಲ, ಮೊದಲೇ ಬಂದು ಕರೆದ. ಆದರೆ ಆ ವರ್ಷ ಇಬ್ಬರು ಮಕ್ಕಳ ನಾಲ್ಕನೇ ಗೆರೆ ಖಾಲಿ ಬಂತು. ಒಬ್ಬ ಲಾರಿ ಚಾಲಕನ ಮಗ, ಇನ್ನೊಬ್ಬಳು ವಸತಿಗೃಹದ ಹುಡುಗಿ. ಯಮನವ್ವ ಎರಡರ ಮೇಲೂ ಬೆರಳಿಟ್ಟು ಕೇಳಿದಳು, ಆಮೇಲೆ ಪಂಢರಿನಾಥನಿಗೆ ನನ್ನ ಹೆಸರು ಬರೀರಿ ಅಂದಳು. ಅದರ ಮರುವರ್ಷ ಮೂವರು. ಆಮೇಲೆ ಮಂಡಳಿಯವರಿಗೂ ಅದೇ ರೂಢಿಯಾಯಿತು. ಯಾರ ಮನೆಯವರು ಊರಲ್ಲಿ ಇರುವುದಿಲ್ಲವೋ ಅವರದಕ್ಕೆ ಕೇಳದೆಯೇ ಬರೆದುಬಿಡುತ್ತಿದ್ದರು, ಈಗ ಹೆಸರನ್ನು ಎಲ್ಲರೂ ಸರಿಯಾಗಿ ಬರೆಯುತ್ತಿದ್ದರು. ವರ್ಷ ವರ್ಷವೂ ಹಾಗೆಯೇ ನಡೆಯಿತು. ಯಮನವ್ವ ಪ್ರತಿ ಮೇ ತಿಂಗಳು ಸ್ಯಾಕ್ ತುಂಬಿ, ಬೆನ್ನಿಗೆ ಹಾಕಿ, ಇಪ್ಪತ್ತೆರಡು ಮೆಟ್ಟಿಲು ಹತ್ತಿ ಇಳಿದು, ಲಾರಿ ಕಳಿಸಿ, ಬಾಗಿಲು ತೆರೆದಿಟ್ಟು ಎಂಟು ದಿನ ಕೂತಿರುತ್ತಿದ್ದಳು.